ನಾಗಕ್ಕ ಮಠದಲ್ಲಿ ಹಂಚಿದ ಖರ್ಜೂರ

"ನಂಬರ್ ಯಾಕ ಬೇಕವ್ವಾ, ಅಲ್ಲಿ ನಮ್ಮ ಸಿದ್ದೇಶನ ಮುಖನೇ ಐತಲ್ಲ ಅಂದೆ ನೋಡಪ್ಪಾ ಬಿಂದುಗೆ," ಅಂದಳು ನಾಗಕ್ಕ, ಹರಿಹರ ಬಸ್ ನಿಲ್ದಾಣದ ಎದುರಿನ ಕಟ್ಟಡದತ್ತ ಗದ್ದ ಎತ್ತಿ ಸಿದ್ದೇಶನಿಗೇ ತೋರಿಸುತ್ತ.

ಮೊದಲನೇ ಮಹಡಿಯಲ್ಲಿ, ದುಬೈ ಕೆಲಸಕ್ಕೆ ಕಳಿಸುವ ಏಜೆಂಟನ ಆಫೀಸಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ, ವಿಮಾನದ ಪಕ್ಕ, ಕಪ್ಪು ಕನ್ನಡಕ ಹಾಕಿಕೊಂಡು ಸಿದ್ದೇಶ ನಗುತ್ತಿದ್ದ. 'ನಮ್ಮಿಂದ ದುಬೈಗೆ ಹೋಗಿ ಗೆದ್ದು ಬಂದವರು' ಎಂದು ಕೆಳಗೆ ದಪ್ಪಕ್ಷರ.

ಸಿದ್ದೇಶ ಈಗ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ. "ಬಿಂದುಗೆ ಆಸ್ಪತ್ರೆ ಡ್ಯೂಟಿ ಐತೆ, ಅವಳ ಪಾಸ್‌ಪೋರ್ಟ್ ನಾನೇ ಕೊಡಾಕೆ ಹೊಂಟೀನಿ. ಪಕ್ಕದಾಗೆ ಕೂಡಾಕಾದ್ರೂ ಬಾರಪ್ಪಾ" ಎಂದು ನಂದಿಗುಡಿಯಿಂದ ನಾಗಕ್ಕ ಮಗಳ ಪರವಾಗಿ ಫೋನು ಮಾಡಿದ್ದಕ್ಕೆ ಬೈಕಿನಲ್ಲಿ ಬಂದಿದ್ದ. ತಾಯಿ ಸತ್ತ ಮೇಲೆ ಅವನಿಗೆ ರೊಟ್ಟಿ ಬಡಿದು ಹಾಕಿದ ನೆರೆಮನೆಯ ದೊಡ್ಡವ್ವ ಅವಳು. ಬರಲ್ಲ ಅನ್ನಲು ಬಾಯಿ ಬಂದಿರಲಿಲ್ಲ.

"ಬಿಂದು ಏನಂದ್ಲು?"

"ಅದಾ? ನರ್ಸಿಂಗ್ ಓದೇತಲ್ಲ, ಬುದ್ಧಿ ಜಾಸ್ತಿ. ಸರ್ಕಾರದ ಲೈಸೆನ್ಸ್ ಇರೋ ಏಜೆಂಟರಿಗೆ ಒಂದು ನಂಬರ್ ಇರ್ತೈತಂತೆ, ಆನ್‌ಲೈನಾಗೆ ನೋಡಿದ್ರೆ ಹೆಸರು ಬರಬೇಕಂತೆ. ಇವರನ್ನ ಕೇಳಿದ್ರೆ ಇವತ್ತು, ನಾಳೆ ಅಂತಾರಂತೆ. ನಾನಂದೆ, ಎತ್ತು ಕೊಳ್ಳೋವಾಗ ಹಲ್ಲು ನೋಡ್ತೀವೋ ನಂಬರ್ ನೋಡ್ತೀವೋ? ನಮ್ಮ ಸಿದ್ದೇಶ ಹಲ್ಲು ಬಿಟ್ಕಂಡು ನಿಂತಾನಲ್ಲ ಅಲ್ಲಿ!"

ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕಳು. ಸಿದ್ದೇಶನಿಗೆ ನಗು ಬರಲಿಲ್ಲ.

ಆ ಫೋಟೋದ ಕತೆ ಗೊತ್ತಿದ್ದವರು ಇಬ್ಬರೇ: ಅವನು, ಮತ್ತು ಮೇಲೆ ಆಫೀಸಿನಲ್ಲಿ ಕೂತ ಏಜೆಂಟು. ಕೆಲಸದ ವೀಸಾ ಅಂತ ಹೇಳಿ ಕಳಿಸಿದ್ದು ಊರು ನೋಡಿ ಬರುವವರ ವೀಸಾದಲ್ಲಿ. ಇಪ್ಪತ್ತಾರನೇ ದಿನ ಸಿಕ್ಕಿಬಿದ್ದು ವಾಪಸ್ಸು. ಊರಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಮುಂಬೈಯಲ್ಲೇ ಉಳಿದು ಒಂದು ವರ್ಷ ಎ.ಸಿ. ತೊಳೆದ. ಫೋನು ಮಾಡಿದಾಗೆಲ್ಲ "ಇಲ್ಲಿ ಭಾರೀ ಬಿಸಿಲು" ಅಂದ. ಖರ್ಜೂರ, ಅತ್ತರು ಎಲ್ಲ ಅಲ್ಲಿನ ಬಜಾರಿನಲ್ಲೇ ಕೊಂಡು ತಂದ. ಊರವರು ಹಾರ ಹಾಕಿದರು. ಏಜೆಂಟು ಫೋಟೋ ಕೇಳಿದಾಗ ಕೊಟ್ಟ. ಕೊಡದಿದ್ದರೆ ಗುಟ್ಟು ರಟ್ಟಾಗುತ್ತಿತ್ತು.

"ನಡಿ, ಹನ್ನೊಂದಕ್ಕೆ ಬರ್ರಿ ಅಂದಾರ."

"ನಾಳೆ ಹೋಗಾನ ದೊಡ್ಡವ್ವಾ."

"ನಾಳೆ ಯಾಕ? ಇವತ್ತೇನು ನಿನ್ನ ಮದುವಿ ಐತಾ?"

ನಾಗಕ್ಕ ರಸ್ತೆ ದಾಟಿ ಮೆಟ್ಟಿಲು ಹತ್ತತೊಡಗಿದಳು. ಮೂರನೇ ಮೆಟ್ಟಿಲಲ್ಲಿ ಅವನು ಅವಳ ಚೀಲ ಹಿಡಿದುಕೊಂಡ.

"ಕೊಡಬ್ಯಾಡ. ಇವರಿಗೆ ಆ ನಂಬರೇ ಇಲ್ಲ. ನಾನು ದುಬೈನಾಗೆ ಇದ್ದದ್ದು ಇಪ್ಪತ್ತಾರೇ ದಿನ."

ಉಳಿದದ್ದನ್ನು ಗೋಡೆ ನೋಡಿಕೊಂಡು ಹೇಳಿದ. ಬೈಯಲಿ ಎಂದು ಕಾದ. ನಾಗಕ್ಕ ಬೈಯಲಿಲ್ಲ.

"ಹಂಗಾದ್ರೆ ಆ ಖರ್ಜೂರ?"

"ಮುಂಬೈವು."

"ನಮ್ಮ ಹುಡುಗ ದುಬೈನಿಂದ ತಂದಾನ ಅಂತ ಮಠದಾಗ ಎಲ್ಲರಿಗೂ ಹಂಚಿದ್ನಲ್ಲೋ."

ಕೆಳಗಿಳಿದು, ರಸ್ತೆ ದಾಟಿ, ನಿಲ್ದಾಣದ ಕಂಬಕ್ಕೆ ಒರಗಿ ನಿಂತಳು. ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು.

"ನಮ್ಮೂರ ಗುತ್ತೆಪ್ಪನ ಮಗ ಪ್ರಶಾಂತ ಯುಗಾದಿ ಟೈಮಿಗೆ ದುಬೈಗೆ ಹೋದ್ನಲ್ಲ, ಅವನೂ ನಿನ್ನ ಮುಖ ನೋಡೇ ಹೋಗಿದ್ದು. ಎರಡು ತಿಂಗಳಾತು, ಒಂದು ಫೋನಿಲ್ಲ. ಅವನೂ ಪಾಸ್‌ಪೋರ್ಟ್ ಇಲ್ಲೇ ಕೊಟ್ಟಾನ ಅಂತ ನಿಂಗ್ ಗೊತ್ತಿತ್ತಾ?"

ಗೊತ್ತಿತ್ತು. ಅವನು ತಲೆ ತಗ್ಗಿಸಿದ.

"ನನಗೆ ಹೇಳಿದ್ರೆ ಸಾಲಲ್ಲಪ್ಪಾ. ಬಂದು ಗುತ್ತೆಪ್ಪಗೆ ಹೇಳು. ನಿನ್ನ ಪರವಾಗಿ ನಾನು ಹೇಳಲ್ಲ."

"ಯಾವ ಮುಖ ತೋರಿಸಲಿ ದೊಡ್ಡವ್ವಾ?"

"ಇಡೀ ಹರಿಹರಕ್ಕೆ ತೋರಿಸಿದೀಯಲ್ಲ, ಅದೇ ತೋರಿಸು."

ನಂದಿಗುಡಿ ಬಸ್ಸು ಬಂತು. ನಾಗಕ್ಕ ಹಿಂತಿರುಗಿ ನೋಡದೆ ಹತ್ತಿ, ಕಿಟಕಿ ಪಕ್ಕ ಕೂತು, ಇನ್ನೊಂದು ಸೀಟಿನ ಮೇಲೆ ಚೀಲ ಇಟ್ಟಳು. ಯಾರೋ ಕೂರಲು ಬಂದರು, ಕೈಯಾಡಿಸಿ ಕಳಿಸಿದಳು. ಸಿದ್ದೇಶ ಬೈಕಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹತ್ತಿದ. ಅವನು ಹತ್ತಿರ ಬಂದಾಗ ಅವಳು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮುಖ ಕಿಟಕಿಯ ಕಡೆಗೇ ಇತ್ತು.