ಉಮ್ಮತ್ತಿ ಎಲೆಯ ಡಬ್ಬ

ಸರ್ವಮಂಗಳಮ್ಮನ ಕೊರಳಿನ ಬೆಳ್ಳಿ ಕರಡಿಗೆ ಬರಿದಾಗಿ ಎರಡು ದಿನ. ಇಷ್ಟಲಿಂಗ ಎಲ್ಲಿ ಬಿತ್ತೋ ಕಾಣೆ ಅಂದಿದ್ದಳು. ಲಿಂಗಪೂಜೆ ಇಲ್ಲದೆ ಊಟವಿಲ್ಲ. ಹನ್ನೊಂದು ವರ್ಷದ ಉಬ್ಬಸ ಸವೆಸಿದ ಮೈ ಅದು, ಇನ್ನೆಷ್ಟು ತಡೆದೀತು? ಗಂಡ ತೋಟಪ್ಪ ಹಿಂದೂಪುರದಲ್ಲಿ ಬೆಲ್ಲದ ವ್ಯಾಪಾರಿ. ಮಂಡಿಗೆ ಹೋಗದೆ, ಸೊಸೆ ಮಂಗಳಗೌರಿಯ ಜೊತೆ ಕಸವನ್ನೂ ಜರಡಿ ಹಿಡಿದಿದ್ದ.

"ಕಲ್ಯಾಣದುರ್ಗದಿಂದ ಅಯ್ಯನೋರು ಬತ್ತಾರೆ ಕಣೇ, ಬೇರೆ ಲಿಂಗ ಕಟ್ತಾರೆ," ಎಂದ ಹೆಂಡತಿಗೆ. "ಯುದ್ಧ ಬಂದಾಗಿಂದ ಪೆಟ್ರೋಲಿಲ್ದೆ ಈ ಇದ್ದಿಲು ಬಸ್ಸು, ಎಲ್ಲಿ ಕೆಟ್ಟು ನಿಂತೈತೋ."

"ಅಲ್ಲೇ ನಿಂತಿರ್ಲಿ ಬಿಡ್ರಿ." ಆಕೆ ಗೋಡೆಯತ್ತ ಹೊರಳಿದಳು.

"ಅತ್ತೆ, ಒಂದ್ಸಲ ಬೈರಿ ನನ್ನ," ಎಂದಳು ಮಂಗಳಗೌರಿ. "ಉಗಾದಿಯಿಂದ ನನ್ನ ಕಿವಿ ತುಕ್ಕು ಹಿಡಿದೈತೆ."

ಆಕೆ ಸೆರಗು ಮುಖಕ್ಕೆ ಎಳೆದುಕೊಂಡಳು. ಹಬ್ಬದಿಂದ ಹಿಡಿದ ಆ ಮೌನಕ್ಕೆ ತೋಟಪ್ಪ ಉಬ್ಬಸಕ್ಕಿಂತ ಹೆಚ್ಚು ಹೆದರುತ್ತಿದ್ದ.

ಬಿಸಿಲೇರಿದಾಗ ಆಕೆಗೆ ಸಿಳ್ಳೆಯಂಥ ಉಸಿರು ಶುರುವಾಯಿತು. ಉಬ್ಬಸಕ್ಕೆ ಹೊಗೆ ಹಾಕಲು ಅವನೇ ಅಡುಗೆಮನೆಗೆ ಹೋಗಿ ಉಮ್ಮತ್ತಿ ಎಲೆಯ ಡಬ್ಬ ತೆರೆದ. ಒಣಗಿದ ಎಲೆಗಳ ಅಡಿಯಲ್ಲಿ ಆಕೆಯ ಹಳೆ ಸೀರೆಯ ಚೂರಿನ ಗಂಟು. ಬಿಚ್ಚಿದ. ಲಿಂಗ.

ಬಿದ್ದದ್ದಲ್ಲ. ಇಟ್ಟದ್ದು.

ಉಣ್ಣದೆ ಪ್ರಾಣ ಬಿಡಲು. ಕೊಟ್ಟರೆ ಇವತ್ತು ಉಂಡಾಳು. ನಾಳೆ ಎಲ್ಲಿ ಇಟ್ಟಾಳು? ಬಾವಿಯಲ್ಲಿ? ಕೇಳುವ ಧೈರ್ಯ ಬರಲಿಲ್ಲ. ಸ್ನಾನಕ್ಕೂ ತೆಗೆಯದಿದ್ದ ತನ್ನ ಕರಡಿಗೆಯ ದಾರವನ್ನು ಅವನ ಬೆರಳುಗಳೇ ಬಿಚ್ಚಿದವು. ಎದೆ ಬೇರೆ ಯಾರದೋ ಅನ್ನಿಸಿತು. ತನ್ನದನ್ನೂ ಆಕೆಯದರ ಪಕ್ಕ ಇಟ್ಟು ಮುಚ್ಚಳ ಹಾಕಿ, ಒಂದು ಹಿಡಿ ಎಲೆ ಕೆಂಡಕ್ಕೆ ಹಾಕಿ ಆಕೆಯ ಮುಂದೆ ಕೂತ.

ಉಸಿರು ಸ್ವಲ್ಪ ತಗ್ಗಿದ ಮೇಲೆ ಹೇಳಿದ: "ನಂದೂ ಕಾಣ್ತಿಲ್ಲ ಕಣೇ."

ಆಕೆ ತಿರುಗಿದಳು. ಬರಿ ಎದೆ ನೋಡಿದಳು. "ಹಂಗಂದ್ರೆ?"

"ಹಂಗಂದ್ರೆ ನಂಗೂ ಊಟ ಇಲ್ಲ."

"ಒಂದೊತ್ತು ಬಿಟ್ರೆ ತಲೆ ಸುತ್ತಿ ಬೀಳೋ ಮನುಷ್ಯ ನೀವು! ಹುಚ್ಚು ಹಿಡೀತೇನ್ರೀ?"

ಅವನು ಕೆಂಡ ಕೆದಕಿದ. ಬಹಳ ಹೊತ್ತಾದ ಮೇಲೆ ಆಕೆ ಗೋಡೆ ಹಿಡಿದು ಎದ್ದಳು, ಹೆಜ್ಜೆಗೊಮ್ಮೆ ನಿಂತು ಅಡುಗೆಮನೆಗೆ ಹೋದಳು. ಮುಚ್ಚಳದ ಸದ್ದಾಯಿತು. ಅವನು ಬಾಗಿಲಿನತ್ತ ಕಿವಿಗೊಟ್ಟ.

"ಮಂಗಳಗೌರೀ," ಎಂದಿತು ಒಳಗಿನ ಧ್ವನಿ, "ಪೂಜೆಗೆ ನೀರು ತಾರಮ್ಮ. ಇಬ್ಬರಿಗೂ."

ಪೂಜೆ ಮುಗಿದು ಗಂಜಿ ಬಂತು. ಒಂದು ಗುಟುಕು ನುಂಗಿ ಆಕೆ ಮೆಲ್ಲಗೆ ಕೇಳಿದಳು: "ನಾಳೆನೂ ಹಿಂಗೇ ಮಾಡ್ತೀರಾ?"

"ನೀನು ಮಾಡಿದ್ರೆ."

ಅವನು ತನ್ನ ಬಟ್ಟಲು ಎತ್ತದೆ, ಆಕೆಯ ಎರಡನೇ ಗುಟುಕಿಗೆ ಕಾದ.