ಲೆಕ್ಕದ ಪರೀಕ್ಷೆಯ ನಲವತ್ತು ಜೆರಾಕ್ಸ್

ಹೈಸ್ಕೂಲಿನ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಅಲ್ಲೇ ಇದೆ. ಪರೀಕ್ಷೆ ಮುಗಿದು ಬೆಲ್ ಹೊಡೀತು ಅಂದ್ರೆ ಮಕ್ಕಳು ಮನೆಗೆ ಹೋಗಲ್ಲ, ಸೀದಾ ನನ್ನ ಅಂಗಡಿ ಮೆಟ್ಟಿಲಿಗೆ ಬರ್ತಾರೆ. ಪ್ರಶ್ನೆಪತ್ರಿಕೆ ಬಿಡಿಸ್ಕೊಂಡು ಕೂತು ಶುರು ಮಾಡ್ತಾರೆ. "ಎಂಟನೇದಕ್ಕೆ ನಿನಗೆಷ್ಟು ಬಂತೇ?" "ಹನ್ನೆರಡು." "ಅಯ್ಯೋ, ನನಗೆ ಇಪ್ಪತ್ನಾಲ್ಕು ಬಂದಿದೆ." ಆಮೇಲೆ ಒಬ್ಬೊಬ್ಬರ ಮುಖ ನೋಡಬೇಕು. ನಗ್ತಾ ಬಂದವರು ಚಪ್ಪಲಿ ಎಳ್ಕೊಂಡು ವಾಪಸ್ ಹೋಗ್ತಾರೆ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ ಅಂತಾರಲ್ಲ, ಹಾಗೆ ಮೇಷ್ಟ್ರು ಪೇಪರ್ ಕಟ್ಟು ಬಿಚ್ಚೋ ಮುಂಚೆ ಇವರು ಅಂಕ ಹಾಕ್ಕೊಂಡಿರ್ತಾರೆ.

ಇಷ್ಟು ವರ್ಷ ನೋಡಿ ನಗ್ತಿದ್ದೆ. ಈ ಸಲ ನಗೋ ಹಾಗಿರ್ಲಿಲ್ಲ, ಯಾಕಂದ್ರೆ ತಪ್ಪಲ್ಲಿ ನನ್ನ ಪಾಲೂ ಇತ್ತು. ಮುಚ್ಚಿಟ್ಟು ಏನು ಪ್ರಯೋಜನ, ಹೇಳ್ತೀನಿ ಕೇಳಿ.

ಸೋಮವಾರ ಲೆಕ್ಕದ ಪರೀಕ್ಷೆ. ಕ್ಲಾಸಿಗೇ ಮೊದಲು ಬರೋ ಒಬ್ಬ ಹುಡುಗಿ ಇದಾಳೆ, ಎಲ್ಲರೂ ಅವಳನ್ನ ಕಂಪ್ಯೂಟರ್ ಅಂತಾನೇ ಕರೆಯೋದು. ಅವತ್ತು ಮಕ್ಕಳೆಲ್ಲ ಅವಳನ್ನ ಮುತ್ಕೊಂಡ್ರು. ಉತ್ತರ ಹೇಳಿ ಹೇಳಿ ಪಾಪ, ಅವಳ ಗಂಟಲು ಒಣಗಿಹೋಯ್ತು. ಕೊನೆಗೆ ಒಂದು ಹಾಳೇಲಿ ಎಲ್ಲಾ ಉತ್ತರ ಬರೆದು ನನ್ನ ಮುಂದಿಟ್ಟಳು. "ಆಂಟಿ, ಇದನ್ನ ಜೆರಾಕ್ಸ್ ಮಾಡಿ ಹಂಚಿಬಿಡಿ. ನನ್ನನ್ನ ಮನೆಗೆ ಕಳಿಸಿ ಸಾಕು."

ನಾನೋ ಮಹಾ ಬುದ್ಧಿವಂತೆ. ಒಂದೇ ಏಟಿಗೆ ನಲವತ್ತು ಪ್ರತಿ ಹೊಡೆದೆ. ದುಡ್ಡೂ ತಗೊಳ್ಳಲಿಲ್ಲ, ಸಮಾಜಸೇವೆ ನೋಡಿ. ಅದರಲ್ಲಿ ಒಂದು ಪ್ರತೀನ ನನ್ನ ತಮ್ಮನ ಮಗಳಿಗೂ ಕೊಟ್ಟೆ. ನಮ್ಮ ಗುಬ್ಬಿಗೆ, ಅವಳೂ ಅದೇ ಕ್ಲಾಸು.

ಗುಬ್ಬಿ ಅನ್ನೋದು ನಾನಿಟ್ಟ ಹೆಸರು. ಹುಟ್ಟಿದಾಗ ಅಷ್ಟೇ ಇದ್ಲು, ಈಗ ನನಗಿಂತ ಎತ್ತರ. ಅವರ ಮನೆ ನನ್ನ ಅಂಗಡಿ ಹಿಂದೇನೇ. ತಮ್ಮ ಮೋಟಾರು ಮೆಕ್ಯಾನಿಕ್, ಅವನ ಹೆಂಡತಿ ಬಟ್ಟೆ ಹೊಲೀತಾಳೆ. ಮಗಳು ಅಂದ್ರೆ ಇಬ್ಬರಿಗೂ ಪ್ರಾಣ. ಪ್ರಾಣ ಅನ್ನೋದೇ ಕಷ್ಟ ಆಗಿದ್ದು.

ಸಾಯಂಕಾಲ ತಮ್ಮ ಗ್ಯಾರೇಜಿಂದ ಬಂದವನೇ ಕೈ ತೊಳ್ಕೊಂಡು, ಕಿವಿ ಹಿಂದೆ ಪೆನ್ಸಿಲ್ ಸಿಗಿಸ್ಕೊಂಡು ಕೂತ. ಒಂದು ಕಡೆ ಪ್ರಶ್ನೆಪತ್ರಿಕೆ, ಇನ್ನೊಂದು ಕಡೆ ನನ್ನ ಜೆರಾಕ್ಸು, ಎದುರಿಗೆ ಗುಬ್ಬಿ.

"ಒಂದನೇದು?"

"ಸರಿ ಅಪ್ಪ."

"ಎರಡು?"

"ತಪ್ಪು."

"ಬಿಡೋ, ಬರೆದು ಬಂದಾಯ್ತಲ್ಲ" ಅಂದೆ ನಾನು.

"ಎಲ್ಲಿ ನಿಂತಿದೀವಿ ಅಂತ ಗೊತ್ತಾಗ್ಬೇಕಲ್ಲಕ್ಕ" ಅಂದ. "ಗಾಡಿ ಕೆಟ್ಟಿದೆಯೋ ಇಲ್ವೋ ಅಂತ ಬಿಚ್ಚಿ ನೋಡದೆ ಹೇಗೆ ಗೊತ್ತಾಗುತ್ತೆ?"

ಎಣಿಸಿದ. ಇಪ್ಪತ್ತೊಂಬತ್ತು ಬಂತು. ಪಾಸಾಗೋಕೆ ಮೂವತ್ತೈದು ಬೇಕು. ಎಲ್ಲೋ ಕೈತಪ್ಪಿರಬೇಕು ಅಂತ ಎರಡನೇ ಸಲ ಎಣಿಸಿದ, ಮತ್ತೆ ಇಪ್ಪತ್ತೊಂಬತ್ತು. ಮೂರನೇ ಸಲ ಇಪ್ಪತ್ತೇಳಕ್ಕೆ ಇಳೀತು. ಬೈಯಲಿಲ್ಲ ಅವನು, ಸುಳ್ಳು ಹೇಳಬಾರದು. ಆದ್ರೆ ಪೆನ್ಸಿಲ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟ. ಆ ಹುಡುಗಿಗೆ ಅಷ್ಟೇ ಸಾಕಾಯ್ತು.

"ನಾನು ವಿಜ್ಞಾನದ ಪರೀಕ್ಷೆಗೆ ಹೋಗಲ್ಲ" ಅಂದ್ಲು. "ಹೇಗೂ ಫೇಲು. ನಾಡಿದ್ದು ಹೋಗಿ ಬರೆದು ಏನಾಗ್ಬೇಕು?" ಪುಸ್ತಕ ಮುಚ್ಚಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ಲು. ಅವತ್ತು ಊಟ ಮಾಡಲಿಲ್ಲ. ಬೆಳಿಗ್ಗೆ ಅವರಮ್ಮ ತಟ್ಟೆ ಹಿಡ್ಕೊಂಡು ಎರಡು ಸಲ ಕರೆದ್ಲು, ಉಹೂಂ. "ಅತ್ತಿಗೆ, ನೀವಾದ್ರೂ ಹೇಳಿ" ಅಂತ ನನ್ನ ಹತ್ರ ಬಂದ್ಲು. ಏನು ಹೇಳಲಿ ನಾನು? ವರ್ಷವೆಲ್ಲಾ ಓದಿದ ಹುಡುಗಿ, ಬರೆಯೋದು ಇನ್ನೂ ಮೂರು ಪೇಪರ್ ಇದೆ, ಎಲ್ಲಾ ಬಿಟ್ಟು ಮಲಗಿಬಿಟ್ರೆ ಏನು ಗತಿ?

ಮಂಗಳವಾರ ಅಂಗಡಿ ತೆಗೆದಾಗ ಮೊದಲು ಬಂದಿದ್ದು ಲೆಕ್ಕದ ಟೀಚರ್. ಈಗ ರಿಟೈರ್ ಆಗಿದಾರೆ. ಪರೀಕ್ಷೆ ಪೇಪರ್ ತಿದ್ದೋದ್ರಲ್ಲೇ ಇಪ್ಪತ್ತೆರಡು ವರ್ಷ ಸವೆಸಿದವರು. ನನ್ನ ತಮ್ಮನಿಗೂ ಪಾಠ ಹೇಳಿದವರೇ. ಪಿಂಚಣಿ ಕಾಗದ ಜೆರಾಕ್ಸ್ ಮಾಡ್ಸೋಕೆ ಬಂದಿದ್ರು. ಮೆಷಿನ್ ಮುಚ್ಚಳ ಎತ್ತಿದ್ರೆ ಗಾಜಿನ ಮೇಲೆ ಕಂಪ್ಯೂಟರ್ ಹುಡುಗಿ ಬರೆದ ಹಾಳೆ ಹಾಗೇ ಇದೆ. ಟೀಚರ್ ಕನ್ನಡಕ ಏರಿಸ್ಕೊಂಡು ಓದಿದ್ರು. ಪ್ರಶ್ನೆಪತ್ರಿಕೆ ಕೇಳಿದ್ರು. ರದ್ದಿ ಕಾಗದದ ಮೇಲೆ ಏನೋ ಗೀಚಿದ್ರು.

"ಇದನ್ನ ಎಷ್ಟು ಜನಕ್ಕೆ ಕೊಟ್ಟೆ?"

"ನಲವತ್ತು, ಟೀಚರ್."

"ಹದಿನಾಲ್ಕನೇದು ತಪ್ಪಿದೆ ಕಣೇ."

ಒಬ್ಬಳು ಮಾಡಿದ ತಪ್ಪನ್ನ ನಲವತ್ತು ಮನೆಗೆ ಹಂಚಿದವಳು ನಾನು. ಗುಬ್ಬಿ ವಿಷಯ ಎಲ್ಲಾ ಹೇಳ್ದೆ. ಪಿಂಚಣಿ ಕಾಗದ ಅಲ್ಲೇ ಬಿಟ್ಟು, "ನಡಿ, ಮನೆ ತೋರಿಸು" ಅಂದ್ರು.

ತಮ್ಮ ಗ್ಯಾರೇಜಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ. ಟೀಚರನ್ನ ನೋಡಿ ಹಳೇ ಅಭ್ಯಾಸಕ್ಕೆ ಕೈ ಕಟ್ಕೊಂಡ. ಟೀಚರ್ ಸೀದಾ ಒಳಗೆ ಹೋಗಿ ಗುಬ್ಬಿ ಪಕ್ಕ ನೆಲದ ಮೇಲೇ ಕೂತ್ರು.

"ಎರಡು ದಾಳ ಹಾಕಿದ್ರೆ ಮೊತ್ತ ಎಂಟು ಬರೋ ಸಂಭವ ಎಷ್ಟು? ಏನು ಬರೆದೆ ಮಗಾ?"

ಹೊದಿಕೆ ಒಳಗಿಂದ ದನಿ ಬಂತು. "ಮೂವತ್ತಾರರಲ್ಲಿ ಐದು. ತಪ್ಪು. ಕಂಪ್ಯೂಟರ್‌ಗೆ ಆರು ಬಂದಿದೆ."

"ಅವಳಿಗೆ ಬರಲಿ. ನೀನು ಎಣಿಸು, ನಾನು ಬೆರಳು ಮಡಿಸ್ತೀನಿ."

"ಎರಡು ಆರು. ಆರು ಎರಡು. ಮೂರು ಐದು. ಐದು ಮೂರು. ನಾಲ್ಕು ನಾಲ್ಕು." ಗುಬ್ಬಿ ಹೊದಿಕೆ ಸರಿಸಿ ನೋಡಿದ್ಲು. ಟೀಚರ್ ಕೈಯ ಐದೂ ಬೆರಳು ಮಡಚಿದ್ವು.

"ಅವಳು ನಾಲ್ಕು ನಾಲ್ಕನ್ನ ಎರಡು ಸಲ ಎಣಿಸಿದಾಳೆ ಅಷ್ಟೇ" ಅಂದ್ರು ಟೀಚರ್. "ನೀನು ಸರಿಯಾಗಿ ಬರೆದು ಬಂದು, ಮನೇಲಿ ಕೂತು ತಪ್ಪು ಹಾಕ್ಕೊಂಡಿದೀಯ."

ತಮ್ಮ ತಕ್ಷಣ ಕಿವಿ ಹಿಂದಿನ ಪೆನ್ಸಿಲ್ ತೆಗೆದ. "ಅಂದ್ರೆ ಮೂರು ಅಂಕ ಜಾಸ್ತಿ. ಇಪ್ಪತ್ತೊಂಬತ್ತು, ಮೂವತ್ತೆರಡು…"

"ಪೆನ್ಸಿಲ್ ಇಳಿಸು" ಅಂದ್ರು ಟೀಚರ್. "ನೀನು ಒಂದು ಇಂಜಿನ್ ಬಿಚ್ಚಿದೆ, ತೊಳೆದೆ, ಎಲ್ಲಾ ಜೋಡಿಸಿದೆ. ಕೊನೇಲಿ ಒಂದು ಬೋಲ್ಟ್ ಸಡಿಲ ಬಿಟ್ಟೆ. ಗಾಡಿಯವನು ಕೂಲಿ ಕೊಡಲ್ವಾ?"

"ಬೈತಾನೆ. ಆದ್ರೆ ಕೊಡ್ತಾನೆ."

"ನಾವೂ ಹಾಗೇ ತಿದ್ದೋದು. ಸೂತ್ರ ಬರೆದಿದ್ರೆ ಅದಕ್ಕೆ ಅಂಕ, ದಾರಿ ಸರಿ ಇದ್ರೆ ಅದಕ್ಕೆ ಅಂಕ. ಕೊನೆ ಉತ್ತರ ತಪ್ಪಿದ್ರೆ ಅದಕ್ಕಷ್ಟೇ ಕಳೀತೀವಿ. ಈ ಜೆರಾಕ್ಸಲ್ಲಿ ಬರೀ ಕೊನೆ ಉತ್ತರ ಇದೆ. ಇದನ್ನ ಹಿಡ್ಕೊಂಡು ನೀನು ಅವಳ ಪೂರ್ತಿ ಕೂಲಿ ಹಿಡಿದಿದೀಯ."

"ಹಾಗಾದ್ರೆ ಎಷ್ಟು ಬರಬಹುದು, ಟೀಚರ್?" ನನ್ನ ತಮ್ಮ, ಬಿಡೋ ಪೈಕಿ ಅಲ್ಲ.

"ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ತಿದ್ದಿದೀನಿ, ಪೇಪರ್ ನೋಡದೆ ಅಂಕ ಹೇಳೋ ವಿದ್ಯೆ ನನಗೂ ಬಂದಿಲ್ಲ."

ಆಗ ಗುಬ್ಬಿ ಮೆಲ್ಲಗೆ ಕೇಳಿದ್ಲು. "ನಿಜವಾಗ್ಲೂ ಫೇಲಾಗಿದ್ರೆ?"

ಟೀಚರ್ ಸುಳ್ಳು ಸಮಾಧಾನ ಹೇಳೋರಲ್ಲ. "ಆಗಿದ್ರೂ ಆಗಿರಬಹುದು. ಮತ್ತೆ ಬರೆಯೋಕೆ ಅವಕಾಶ ಇದೆ, ನನ್ನ ಮನೆಗೆ ಬಾ, ನಾನೇ ಕೂರಿಸ್ಕೊಂಡು ಹೇಳ್ಕೊಡ್ತೀನಿ. ಆದ್ರೆ ನಾಳೆ ನೀನು ಹೋಗದಿದ್ರೆ ವಿಜ್ಞಾನದಲ್ಲಿ ಎಷ್ಟು ಬರುತ್ತೆ ಅಂತ ಮಾತ್ರ ಈಗಲೇ ಹೇಳಬಲ್ಲೆ. ಸೊನ್ನೆ."

ತಮ್ಮ ಪೆನ್ಸಿಲ್ಲನ್ನ ಜೇಬಿಗೆ ಹಾಕ್ಕೊಂಡು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಪೇಪರ್ ತಿದ್ದೋ ಮೇಷ್ಟ್ರು ಇನ್ನೂ ಒಂದು ಸಲಾನೂ ನಿನ್ನನ್ನ ಫೇಲ್ ಮಾಡಿಲ್ಲ, ನಾನು ಮೂರು ಸಲ ಮಾಡಿದೆ. ತಪ್ಪಾಯ್ತು ಮಗಳೇ" ಅಂದ. ನಾನೂ ಜೆರಾಕ್ಸ್ ಹಂಚಿದ್ದಕ್ಕೆ ಕ್ಷಮೆ ಕೇಳ್ದೆ. ಗುಬ್ಬಿ ಅತ್ತುಬಿಟ್ಲು. ಅಳಲಿ ಅಂತ ಬಿಟ್ವಿ. ಅತ್ತಾದ ಮೇಲೆ "ಅಮ್ಮ, ಹಸಿವು" ಅಂದ್ಲು. ಅವರಮ್ಮ ಹೊಲಿಗೆ ಮೆಷಿನ್ ಬಿಟ್ಟು ಎದ್ದ ವೇಗ ನೋಡಬೇಕಿತ್ತು ನೀವು.

ಬುಧವಾರ ಗುಬ್ಬಿ ಪರೀಕ್ಷೆಗೆ ಹೋದ್ಲು. ಮಧ್ಯಾಹ್ನ ತಮ್ಮ ಗ್ಯಾರೇಜ್ ಬಿಟ್ಟು ಬಂದು ಗೇಟಿನ ಹತ್ರ ನಿಂತ. ಬೆಲ್ ಹೊಡೀತು. ಸುತ್ತಮುತ್ತ ಅಪ್ಪ ಅಮ್ಮಂದಿರು ಮಕ್ಕಳ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ಕೊಳ್ತಿದ್ರು. ನನ್ನ ತಮ್ಮನ ತುಟಿ ಎರಡು ಸಲ ಅಲ್ಲಾಡಿದ್ದು ಅಂಗಡಿಯಿಂದಲೇ ಕಾಣ್ತು ನನಗೆ. ನುಂಗಿಕೊಂಡ.

"ನಡಿ, ಏನಾದ್ರೂ ತಿನ್ನೋಣ" ಅಂದ.

"ಅಪ್ಪ, ಹೇಗೆ ಬರೆದೆ ಅಂತ ಕೇಳಲ್ವಾ?"

"ಕೇಳಲ್ಲ. ನಿನಗೆ ಹೇಳಬೇಕು ಅನ್ಸಿದ್ರೆ ಹೇಳು."

ಆಮೇಲೆ ಆ ಹುಡುಗಿ ಬೀದಿ ತುದಿವರೆಗೂ ಕೈ ಆಡಿಸ್ಕೊಂಡು ಮಾತಾಡಿದ್ದೇ ಮಾತಾಡಿದ್ದು. ಅವನು ಹೂಂ ಅಂತ ಕೇಳ್ತಾ ಪಕ್ಕದಲ್ಲಿ ನಡೀತಿದ್ದ.

ಗುಬ್ಬಿಗೆ ಲೆಕ್ಕದಲ್ಲಿ ಎಷ್ಟು ಬಂತು ಅಂತ ಈಗ ನೀವು ಕೇಳ್ತೀರಿ. ಗೊತ್ತು ನನಗೆ, ನಿಮ್ಮ ನಾಲಿಗೆ ತುದೀಲಿದೆ. ಹೇಳಲ್ಲ. ಅವಳು ಉಳಿದ ಮೂರು ಪೇಪರೂ ಬರೆದ್ಲು, ಮೂರು ಹೊತ್ತೂ ಉಂಡ್ಲು, ಅದನ್ನಷ್ಟೇ ಹೇಳ್ತೀನಿ.

ಓದ್ತಿರೋ ಅಪ್ಪ ಅಮ್ಮಂದಿರೇ, ಅಣ್ಣ ಅಕ್ಕಂದಿರೇ, ಬರೆದು ಬಂದ ಪೇಪರನ್ನ ಮನೇಲಿ ಮತ್ತೆ ತಿದ್ದಬೇಡಿ. ಕೊನೇ ಪರೀಕ್ಷೆ ಮುಗಿಯೋವರೆಗೆ ಉತ್ತರ ಹೋಲಿಸೋದು ಬೇಡ ಅಂತ ಮಕ್ಕಳಿಗೂ ಹೇಳಿ. ಮಗು ಊಟ ಬಿಟ್ರೆ, ನಿದ್ದೆ ಬಿಟ್ರೆ, "ನಾನಿದ್ದು ಏನು ಪ್ರಯೋಜನ" ಅನ್ನೋ ಥರ ಮಾತಾಡಿದ್ರೆ ಒಂದು ದಿನಾನೂ ಕಾಯಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ, ಒಂಟಿಯಾಗಿ ಬಿಡಬೇಡಿ, ಟೀಚರ್‌ಗೋ ಆಸ್ಪತ್ರೆಯವರಿಗೋ ಆ ದಿನವೇ ತಿಳಿಸಿ. ಮತ್ತೆ ನಾಳೆ ಮಗು ಗೇಟಿಂದ ಹೊರಗೆ ಬಂದಾಗ ಕೈ ಚಾಚಬೇಕು ಅನ್ಸುತ್ತೆ, ಚಾಚಿ. ಪ್ರಶ್ನೆಪತ್ರಿಕೆಗಲ್ಲ, ಮಗುವಿನ ಕೈ ಹಿಡಿಯೋಕೆ.