ಕೊಕ್ಕರೆ ಹೂವಿನ ಹುಲ್ಲು: ಕೊಯ್ಯಬೇಕೋ, ಬಿಡಬೇಕೋ?

2019ರ ಸೆಪ್ಟೆಂಬರ್ 8, ಭಾನುವಾರ, ಬೆಳಿಗ್ಗೆ ಆರೂವರೆ. ಹಾಲು ಮಾರುವವನು ಕುಡುಗೋಲು ಹಿಡಿದು ತಂತಿಬೇಲಿಯ ಮುಂದೆ ನಿಂತಿದ್ದ. ಬೇಲಿಯೊಳಗಿನ ಇಳಿಜಾರಿನಲ್ಲಿ ಸೊಂಟದೆತ್ತರದ ಹಸಿರು ಹುಲ್ಲು. ಹಿಂದೆ ಕೊಟ್ಟಿಗೆಯಲ್ಲಿ ಮೊನ್ನೆಯಷ್ಟೇ ಕರು ಹಾಕಿದ ಹಸು. ನಡುವೆ ಒಂದು ಫಲಕ: ‘ಇಲ್ಲಿ ಅಪರೂಪದ ಆರ್ಕಿಡ್ ಇದೆ. ಹುಲ್ಲು ಕೊಯ್ಯಬಾರದು.’

ಆ ಇಳಿಜಾರಿನಲ್ಲಿ ಒಂಟಿ ದಂಟಿನ ಮೇಲೆ ಬಿಳಿ ಹೂ ಬಿಡುವ ಈ ಆರ್ಕಿಡ್ ಗಿಡವನ್ನು ಅವನ ಮನೆಯವರು ಕೊಕ್ಕರೆ ಹೂ ಎನ್ನುತ್ತಿದ್ದರು. ಹೂ ಕಡಿಮೆಯಾಗುತ್ತಿದೆ ಎಂದು ಸಸ್ಯ ಸಂರಕ್ಷಣಾ ಕಚೇರಿಯವರು ಐದು ವರ್ಷಗಳ ಹಿಂದೆ ಬೇಲಿ ಹಾಕಿದ್ದರು. ಅದೇ ಕಚೇರಿಯಲ್ಲಿ ಕೆಲಸ ಮಾಡುವ ಅವನ ನಾದಿನಿ ಈಗ ತಾನೇ ಗೇಟಿನ ಬೀಗ ತೆಗೆದಳು.

“ಬನ್ನಿ ಭಾವ, ಕೊಯ್ಯಿರಿ.”

“ನನ್ನನ್ನು ಜೈಲಿಗೆ ಕಳಿಸೋ ಉಪಾಯಾನಾ? ಫಲಕ ಓದೋಕೆ ನಂಗೂ ಬರುತ್ತೆ.”

“ಬರೆಸಿದ್ದು ನಾವೇ. ತಪ್ಪಾಗಿ ಬರೆಸಿದ್ವಿ.”

“ತಪ್ಪಾ? ಐದು ವರ್ಷ ನನ್ನ ಹಸು ಒಣಹುಲ್ಲು ಅಗಿದದ್ದು ನಿಮ್ಮ ತಪ್ಪಿಗಾ?”

ನಾದಿನಿ ನಾಚಿಕೊಂಡಳು. ಕೊಯ್ಯದೆ ಬಿಟ್ಟ ಹುಲ್ಲು ದಟ್ಟವಾಗಿ, ಪೊದೆಗಳೂ ಎದ್ದು, ನೆಲಕ್ಕಂಟಿದ ಆರ್ಕಿಡ್ ಎಲೆಗೆ ಬಿಸಿಲೇ ಬೀಳಲಿಲ್ಲ. ಬೇಲಿ ಹಾಕಿದಾಗ ಅರವತ್ತು ಹೂದಂಟುಗಳಿದ್ದವು. ಈ ಸಲ ಹನ್ನೊಂದು.

“ನಾನು ಕೊಯ್ತಿದ್ದಾಗಲೂ ಕಡಿಮೆ ಆಯ್ತು, ಬಿಟ್ಟಾಗಲೂ ಕಡಿಮೆ ಆಯ್ತು,” ಎಂದ ಅವನು. “ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನಾನು ಯಾವುದರ ಬಾಲ ಹಿಡೀಲಿ?”

“ನಿಮ್ಮ ಅಪ್ಪ ಯಾವಾಗ ಕೊಯ್ತಿದ್ರು?”

ಅವನು ಯೋಚಿಸಿದ. ಅಪ್ಪ ಹುಲ್ಲು ಹಳದಿಗೆ ತಿರುಗಿದ ಮೇಲೆ ಕೊಯ್ದು ಬಣವೆ ಒಟ್ಟುತ್ತಿದ್ದ. ಆಗ ಇಳಿಜಾರೆಲ್ಲ ಬೆಳ್ಳಗೆ. ಹಸಿ ಹುಲ್ಲಿಗೆ ಹಾಲು ಹೆಚ್ಚು ಎಂದು ಆಗಸ್ಟಿನಲ್ಲೇ, ಹೂವಿನ ಸಮೇತ ಕೊಯ್ಯಲು ಶುರುಮಾಡಿದವನು ತಾನೇ.

ಅಷ್ಟರಲ್ಲಿ ಹೆಂಡತಿ ಒಂದು ಕುಂಡ ಹೊತ್ತು ಬಂದಳು. ಅದರಲ್ಲಿ ಕಪ್ಪಗೆ ಕೊಳೆತ ಒಂದು ದಂಟು.

“ನೋಡೇ, ನಾನಾದ್ರೂ ಒಂದು ಉಳಿಸೋಣ ಅಂತ ಬೇಲಿ ಸಂದಿಯಿಂದ ಗಡ್ಡೆ ಸಮೇತ ಕಿತ್ತು ತಂದೆ. ದಿನಾ ಎರಡು ಹೊತ್ತು ನೀರು ಹಾಕಿದೀನಿ ಕಣೇ!”

“ಅಕ್ಕ, ಇದು ಬದುಕೋದು ಮಣ್ಣಲ್ಲಿರೋ ಒಂದು ಬೂಷ್ಟಿನ ಜೊತೆ. ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಮೊಳಕೆಗೆ ಉಣಿಸೋದು ಆ ಬೂಷ್ಟೇ. ಕುಂಡದಲ್ಲಿ ಅದು ಎಲ್ಲಿಂದ ಬರಬೇಕು?”

“ಬ್ರೆಡ್ ಮೇಲೆ ಬಂದ್ರೆ ಬಿಸಾಕ್ತೀವಿ, ಇಲ್ಲಿ ಅದೇ ಸಾಕುತಾಯಿನಾ?” ಹೆಂಡತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ನನಗೊಂದು ಮಾತು ಹೇಳು,” ಎಂದ ಗಂಡ, ನಾದಿನಿಯತ್ತ ತಿರುಗಿ. “ಇವತ್ತು ಕೊಯ್ಯಬೇಕಾ, ಬೇಡವಾ?”

“ಕೊಯ್ಯಬೇಕು. ಹೂದಂಟು ಇರೋ ಕಡೆ ಬೇಡ.”

“ಅಂದ್ರೆ ಕೊಯ್ಯಬೇಕು, ಕೊಯ್ಯಬಾರದು. ತಲೆ ಗಿರ್ ಅಂತಿದೆ ಕಣಮ್ಮ.”

ನಾದಿನಿ, ಹುಳು ಕೊರೆದು ಹೂದಂಟಿನಿಂದ ಬಿದ್ದಿದ್ದ ಒಂದು ಹಸಿರು ಕಾಯನ್ನು ಹೆಕ್ಕಿ ಉಗುರಿನಿಂದ ಸೀಳಿದಳು. ಒಳಗೆ ಧೂಳಿನಂಥ ಬೀಜ ಇನ್ನೂ ಇರಲಿಲ್ಲ. ತೇವದ ಬಿಳಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಅವನು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ.

“ದಿನ ತುಂಬಿಲ್ಲ,” ಎಂದ ಮೆಲ್ಲಗೆ. ಗಬ್ಬದ ಹಸುವಿನ ಬಗ್ಗೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ಹೀಗಿರುವಾಗಲೇ ನಾನು ಕೊಯ್ತಿದ್ದೆನಾ?”

“ಇನ್ನೂ ಮುಂಚೆ.”

ಅಂದು ಹೆಂಡತಿ ಹಳೆಯ ಕೆಂಪು ಬಟ್ಟೆ ಹರಿದು, ಹನ್ನೊಂದು ದಂಟುಗಳ ಪಕ್ಕದಲ್ಲೂ ಕೋಲು ನೆಟ್ಟು ಕಟ್ಟಿದಳು. ಅವನು ಉಳಿದೆಡೆ ಕೊಯ್ದ. ಹಸುವಿಗೆ ಎರಡು ಹೊರೆ ಸಿಕ್ಕಿತು. ಅಕ್ಟೋಬರ್ ಕೊನೆಯಲ್ಲಿ ಕಾಯಿಗಳು ಕಂದು ಬಣ್ಣಕ್ಕೆ ತಿರುಗಿ ಒಡೆದು ಬೀಜದ ಧೂಳು ಗಾಳಿಗೆ ಹಾರಿದ ಮೇಲೆ ಕೆಂಪು ಬಟ್ಟೆಯ ಜಾಗವನ್ನೂ ಕೊಯ್ದು, ಒಂದು ಕಡ್ಡಿ ಬಿಡದೆ ಹೊತ್ತು ತಂದ. ಕೊಯ್ದ ಹುಲ್ಲು ಅಲ್ಲೇ ಬಿದ್ದರೆ ಮತ್ತೆ ನೆಲ ಮುಚ್ಚಿಹೋಗುತ್ತದೆ ಎಂದು ಈಗ ಅವನೇ ನೆರೆಯವರಿಗೆ ಹೇಳುತ್ತಾನೆ. ಅವರು ತಲೆ ಕೆರೆದುಕೊಳ್ಳುತ್ತಾರೆ.

ನಿಮ್ಮ ಸುತ್ತಲಿನ ಹುಲ್ಲಿನಲ್ಲೂ ಇಂಥ ಆರ್ಕಿಡ್ ಇರಬಹುದು. ಅಂದಕ್ಕೆಂದು ಕಿತ್ತು ತರಬೇಡಿ. ಕುಡುಗೋಲು ಬೀಸುವ ಮೊದಲು ಕಾಯಿ ನೋಡಿ. ಒಡೆಯುವವರೆಗೆ ಕಾಯಿರಿ, ಆಮೇಲೆ ತಪ್ಪದೆ ಕೊಯ್ಯಿರಿ. ಗೊಂದಲವಾದರೆ ಗಿಡ ಬಲ್ಲವರನ್ನು ಕೇಳಿ, ಗೊಂದಲದಲ್ಲಿ ನಾಚಿಕೆಯಿಲ್ಲ. ಫಲ ಕೂಡಲೇ ಕಾಣದಿದ್ದರೆ ಕೈಬಿಡಬೇಡಿ: ಬೀಜ ವರ್ಷಗಟ್ಟಲೆ ಮಣ್ಣಿನೊಳಗೇ ಇರುತ್ತದೆ. ಆ ಇಳಿಜಾರಿನಲ್ಲಿ ಮೊದಲ ಹೊಸ ಗಿಡ ಕಂಡದ್ದು 2023ರ ಜುಲೈಯಲ್ಲಿ. ಅದರ ಒಂದೇ ಒಂದು ಎಲೆಯ ಉದ್ದ ಹದಿನಾಲ್ಕು ಮಿಲಿಮೀಟರ್.